ಬೆಸುಗೆಯ ಕೈ, ನುಡಿಸುವ ಕೈ

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ನಾನು 4017 ಎಂಬ ಐಸಿ ಕೇಳಿದಾಗ ಅಂಗಡಿಯವರು ತಲೆ ಎತ್ತದೆಯೇ, ‘ರನ್ನಿಂಗ್ ಲೈಟಿಗಾ ಸಾರ್?’ ಎಂದರು. ಒಂದರ ಹಿಂದೊಂದು ಓಡುವ ದೀಪಗಳ ಸಾಲನ್ನು ಕೈಯಾರೆ ಮಾಡಿದ ಹುಡುಗರಿಗೆಲ್ಲ ಗೊತ್ತಿರುವ ಐಸಿ ಅದು. ಹತ್ತು ಕಾಲುಗಳಿಗೆ ಸರದಿಯಂತೆ ವಿದ್ಯುತ್ ಹಂಚುವುದಷ್ಟೇ ಅದರ ಕೆಲಸ. ‘ಅಲ್ಲ, ಸಂಗೀತಕ್ಕೆ’ ಎಂದೆ. ಈಗ ಅವರು ತಲೆ ಎತ್ತಿದರು. ‘ಇದ್ರಲ್ಲಿ ಸಂಗೀತ ಬರಲ್ಲ ಸಾರ್. ಲೈಟ್ ಬರತ್ತೆ, ಅಷ್ಟೇ.’

ನಾನು ನಕ್ಕು ಎರಡು ಐಸಿ ಕೊಂಡು ಬಂದೆ. ದೀಪವಿದ್ದ ಕಡೆ ಒಂದೊಂದು ತಿರುಗುಗುಂಡಿಯ ಪಾಟ್ ಇಟ್ಟು, ಅದರಿಂದ ಬರುವ ವೋಲ್ಟೇಜನ್ನು ನಾದ ಹುಟ್ಟಿಸುವ ಆಸಿಲೇಟರಿಗೆ ಉಣಿಸಿದರೆ ಓಡುವ ಬೆಳಕು ಓಡುವ ಸ್ವರವಾಗುತ್ತದೆ. ಸೀಕ್ವೆನ್ಸರ್ ಎಂದರೆ ಮೂಲತಃ ಇಷ್ಟೇ. ಆದರೆ ಆ ಅಂಗಡಿಯವರ ಮಾತು ನನ್ನನ್ನು ಬಿಟ್ಟಿಲ್ಲ. ತನ್ನ ಸಿಂಥಸೈಜರನ್ನು ತಾನೇ ಬೆಸುಗೆ ಹಾಕಿ ಕಟ್ಟಿಕೊಂಡು ನುಡಿಸುವ ಪರಂಪರೆಗೆ ಈಗ ಆರು ದಶಕ. ಅದು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ, ಆದರೆ ಸದಾ ಮುಂದೂಡುತ್ತ ಬಂದ ಪ್ರಶ್ನೆ ಅವರ ಮಾತಿನಲ್ಲೇ ಇದೆ. ಇದರಲ್ಲಿ ಸಂಗೀತ ಬರುತ್ತದೆಯೇ?

ಸಿಂಥಸೈಜರಿನ ಚರಿತ್ರೆಯನ್ನು ದೊಡ್ಡ ಕಂಪನಿಗಳ ಚರಿತ್ರೆಯಾಗಿ ಹೇಳುವುದು ವಾಡಿಕೆ. ಆದರೆ ಅದರ ಬೇರು ಇರುವುದು ಅಡುಗೆಮನೆಯ ಮೇಜಿನ ಮೇಲೆ. ರಾಬರ್ಟ್ ಮೂಗ್ ತನ್ನ ಹೆಸರಿನ ಸಿಂಥಸೈಜರ್ ರೂಪಿಸಿದ್ದು 1964ರಲ್ಲಿ. ಅದಕ್ಕೂ ಮೊದಲು, 1961ರಲ್ಲಿ, ಮುಟ್ಟದೆಯೇ ನುಡಿಸುವ ಥೆರೆಮಿನ್ ವಾದ್ಯವನ್ನು ಕಟ್ಟುವ ವಿಧಾನವನ್ನು ಪತ್ರಿಕೆಯೊಂದರಲ್ಲಿ ಬರೆದು, ಬಿಡಿಭಾಗಗಳ ಕಿಟ್‌ಗಳನ್ನು ಮನೆಯಿಂದಲೇ ಸುಮಾರು ಸಾವಿರದಷ್ಟು ಮಾರಿದ್ದ. ಅಂದರೆ ಆತನ ಮೊದಲ ಗಿರಾಕಿಗಳು ನುಡಿಸುವವರಿಗಿಂತ ಹೆಚ್ಚಾಗಿ ಕಟ್ಟುವವರು. ಈ ಪರಂಪರೆಯ ಜಾತಕದಲ್ಲೇ ಈ ವಕ್ರವಿತ್ತು ಎನ್ನಬಹುದೇನೋ.

ಸೀಕ್ವೆನ್ಸರ್ ಹುಟ್ಟಿದ್ದಕ್ಕೆ ಬೇರೆಯೇ ಕಾರಣವಿದೆ. ಸ್ಯಾನ್ ಫ್ರಾನ್ಸಿಸ್ಕೊ ಟೇಪ್ ಮ್ಯೂಸಿಕ್ ಸೆಂಟರಿನಲ್ಲಿ ಮಾರ್ಟನ್ ಸಬಾಟ್ನಿಕ್ ಮತ್ತು ರಮೋನ್ ಸೆಂಡರ್ ಧ್ವನಿಸುರುಳಿಯನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಸಂಗೀತ ಮಾಡುತ್ತಿದ್ದರು. ಒಂದು ನಿಮಿಷದ ಕೃತಿಗೆ ದಿನಗಟ್ಟಲೆ ಕತ್ತರಿ ಕೆಲಸ. ಬೇಸತ್ತ ಅವರು 1963ರಲ್ಲಿ ಡಾನ್ ಬುಕ್ಲಾ ಎಂಬ ತರುಣನಿಗೆ ವಾದ್ಯವೊಂದನ್ನು ಕಟ್ಟಿಕೊಡಲು ಹೇಳಿದರು. ಕತ್ತರಿಸಿ ಜೋಡಿಸುವ ಚಾಕರಿಯನ್ನು ಮೈಮೇಲೆ ಹಾಕಿಕೊಳ್ಳುವ ಯಂತ್ರಾಂಗವಾಗಿ ಸೀಕ್ವೆನ್ಸರ್ ಬಂತು. ಬುಕ್ಲಾ ಪಿಯಾನೊದ ಮನೆಗಳನ್ನು ದೂರವಿಟ್ಟು, ಬೆರಳಿನ ಒತ್ತಡಕ್ಕೆ ಸ್ಪಂದಿಸುವ ಲೋಹದ ಪಟ್ಟಿಗಳನ್ನು ಕೊಟ್ಟ. ಇದನ್ನು ನೆನಪಿಡೋಣ. ಮೊದಲ ಸೀಕ್ವೆನ್ಸರಿನ ಪಕ್ಕದಲ್ಲೇ ಬೆರಳಿಗೂ ಒಂದು ಜಾಗವಿತ್ತು.

ಈ ಪರಂಪರೆಯ ಅತ್ಯಂತ ಸುಂದರ ಅಧ್ಯಾಯ ಕ್ಯಾಲಿಫೋರ್ನಿಯಾದ ಕ್ಯಾಲ್ ಆರ್ಟ್ಸ್ ಕಲಾಶಾಲೆಯದು. 1970ರ ದಶಕದ ಆರಂಭ. ಶಾಲೆಯಲ್ಲಿ ಬುಕ್ಲಾ ಯಂತ್ರಗಳಿದ್ದವು, ಆದರೆ ದುಬಾರಿ, ಎಲ್ಲರ ಕೈಗೂ ಸಿಗುವಂಥವಲ್ಲ. ಅಲ್ಲಿ ಪಾಠ ಹೇಳುತ್ತಿದ್ದ ಸಂಯೋಜಕ ಸರ್ಜ್ ಚೆರೆಪ್ನಿನ್, ವಿದ್ಯಾರ್ಥಿಗಳಾದ ರಾಂಡಿ ಕೋಹೆನ್ ಮತ್ತು ರಿಚ್ ಗೋಲ್ಡ್ ಜೊತೆ ಸೇರಿ, ಬಡವರಿಗೂ ಎಟಕುವ ಸಿಂಥಸೈಜರ್ ಕಟ್ಟಲು ಕೂತ. ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಹಣ ಕೂಡಿಸಿದರು. ಸರ್ಜ್‌ನ ಮನೆಯೇ ಕಾರ್ಖಾನೆಯಾಯಿತು. ಹಣ ಕೊಟ್ಟವರೇ ಕೂತು ಬೆಸುಗೆ ಹಾಕಿದರು.

ಅಗ್ಗವಾಗಿದ್ದದ್ದು ಇದರ ಹೆಚ್ಚುಗಾರಿಕೆಯಲ್ಲಿ ಸಣ್ಣ ಪಾಲು ಮಾತ್ರ. ಮೂಗ್ ಯಂತ್ರದಲ್ಲಿ ಒಂದು ಭಾಗಕ್ಕೆ ಒಂದು ಕೆಲಸ. ಆಸಿಲೇಟರ್ ನಾದ ಕೊಡುತ್ತದೆ, ಫಿಲ್ಟರ್ ಸೋಸುತ್ತದೆ. ಸರ್ಜ್‌ನ ‘ಸ್ಲೋಪ್ ಜನರೇಟರ್’ ಎಂಬ ಭಾಗಕ್ಕೆ ಹೀಗೆ ಜಾತಿ ಕಟ್ಟಿರಲಿಲ್ಲ. ವೋಲ್ಟೇಜನ್ನು ಏರಿಸುವುದು, ಇಳಿಸುವುದು, ಅಷ್ಟೇ ಅದರ ಕಸುಬು. ವೈರನ್ನು ಹೇಗೆ ಚುಚ್ಚುತ್ತೀರೋ ಅದರ ಮೇಲೆ ಅದು ಆಸಿಲೇಟರ್ ಆಗಬಹುದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಜಾರು ಆಗಬಹುದು, ಏಟು ಬಿದ್ದಾಗಷ್ಟೇ ಅರಳಿ ಆರುವ ಅಲೆಯಾಗಬಹುದು. ಕಟ್ಟಿದವರಿಗೆ ಒಳಗಿನ ಸಂಗತಿ ಗೊತ್ತಿದ್ದರಿಂದಲೇ ಇಂಥ ಬಳಕೆ ಹೊಳೆಯುತ್ತಿತ್ತು. ಬೆಸುಗೆಯ ಕೈಗೆ ತಿಳಿದದ್ದು ನುಡಿಸುವ ಕೈಗೆ ದಾಟುತ್ತಿತ್ತು.

ಹಾಗೆ ದಾಟಿದ್ದಕ್ಕೆ ನನಗೆ ಗೊತ್ತಿರುವ ದೊಡ್ಡ ಸಾಕ್ಷಿ ಡೇವಿಡ್ ಟ್ಯೂಡರ್. ಆತ ಮೊದಲು ಪಿಯಾನೊ ವಾದಕ. ಸಂಯೋಜಕ ಜಾನ್ ಕೇಜ್‌ನ ಮೌನಕೃತಿಯನ್ನು 1952ರಲ್ಲಿ ಮೊದಲು ‘ನುಡಿಸಿದವನು’ ಅವನೇ. ನಲವತ್ತರ ಹೊತ್ತಿಗೆ ಪಿಯಾನೊವನ್ನು ಬಿಟ್ಟು ಸೋಲ್ಡರಿಂಗ್ ಕಡ್ಡಿ ಹಿಡಿದ. ‘ರೇನ್‌ಫಾರೆಸ್ಟ್’ ಎಂಬ ಅವನ ಕೃತಿಮಾಲೆ 1968ರಲ್ಲಿ ಶುರುವಾಯಿತು. ಹಾಳೆಯಲ್ಲಿ ಸ್ವರಲಿಪಿ ಇಲ್ಲ. ತಗಡು, ಡಬ್ಬಿ, ಪೀಪಾಯಿಗಳಿಗೆ ಕಂಪನ ಕೊಡುವ ಉಪಕರಣ ಕಟ್ಟಿ, ಆ ವಸ್ತುಗಳನ್ನೇ ಧ್ವನಿವರ್ಧಕಗಳನ್ನಾಗಿ ಮಾಡುವುದು. ಸರ್ಕ್ಯೂಟ್ ನಕ್ಷೆಯೇ ಇಲ್ಲಿ ಸ್ವರಪ್ರಸ್ತಾರ. ಅವನು ಕೈಯಾರೆ ಮಾಡಿದ ಪೆಟ್ಟಿಗೆಗಳು ಇವತ್ತು ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿವೆ. ಅವುಗಳನ್ನು ಮತ್ತೆ ನುಡಿಸುವುದು ಬಹಳ ಕಷ್ಟ, ಏಕೆಂದರೆ ಯಾವ ಪೆಟ್ಟಿಗೆಯನ್ನು ಯಾವುದಕ್ಕೆ ಜೋಡಿಸುತ್ತಿದ್ದ ಎಂಬುದು ಬಹಳಷ್ಟು ಅವನ ತಲೆಯಲ್ಲೇ ಇತ್ತು. ಇದೂ ಪರಂಪರೆಯ ಒಂದು ಲಕ್ಷಣ. ಶಿಷ್ಯರಿಗೆ ಮಾತಿನಲ್ಲಿ ದಾಟಿದ್ದು ಉಳಿಯಿತು, ಮಿಕ್ಕದ್ದು ಮಣ್ಣಾಯಿತು.

ಇದೇ ಟ್ಯೂಡರ್ 1969ರಲ್ಲಿ ಅಹಮದಾಬಾದಿಗೆ ಬಂದ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರನ್ನು ಕೂರಿಸಿಕೊಟ್ಟ. ಆ ನಂಟಿನ ಹಿಂದೆ ಇದ್ದವರು ಗೀತಾ ಸಾರಾಭಾಯ್. 1946ರಲ್ಲಿ ನ್ಯೂಯಾರ್ಕಿನಲ್ಲಿ ಕೇಜ್‌ಗೆ ಭಾರತೀಯ ಸಂಗೀತದ ಪಾಠ ಹೇಳಿದವರು ಅವರೇ. ಅಹಮದಾಬಾದಿನ ಆ ಸ್ಟುಡಿಯೊದಲ್ಲಿ ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಮೊದಲಾದವರು ಮಾಡಿದ 1969ರಿಂದ 1972ರವರೆಗಿನ ಸಂಗೀತ 2023ರಲ್ಲಿ ಪಾಲ್ ಪರ್ಗಸ್ ಅವರ ಸಂಪಾದನೆಯಲ್ಲಿ ಹೊರಬಂತು. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಜೊತೆಗೆ ಒಂದು ಹಳಹಳಿಯೂ ಹುಟ್ಟುತ್ತದೆ. ಬಂದದ್ದು ಪೂರ್ಣಗೊಂಡ ಯಂತ್ರ, ಕಟ್ಟುವ ವಿದ್ಯೆಯಲ್ಲ. ರೇಡಿಯೊ ಕಿಟ್ ಜೋಡಿಸುವ ಹುಡುಗರು ಊರೂರಲ್ಲಿದ್ದ ಕಾಲ ಅದು. ಅವರಿಗೂ ಆ ಸ್ಟುಡಿಯೊಗೂ ಮುಖಾಮುಖಿಯಾಗಲೇ ಇಲ್ಲ.

ಅಮೆರಿಕದಲ್ಲಿ ಅಂಥ ಹುಡುಗರಿಗೆ ದಾರಿ ತೋರಿಸಿದ್ದು ಕಿಟ್ ಕಂಪನಿಗಳು ಮತ್ತು ಪತ್ರಿಕೆಗಳು. ಒಕ್ಲಹೋಮಾದ ಪಾಯಾ, ಬರ್ನಿ ಹಚಿನ್ಸ್ 1972ರಿಂದ ಹೊರಡಿಸಿದ ‘ಎಲೆಕ್ಟ್ರೊನೋಟ್ಸ್’, ಕ್ರೇಗ್ ಆಂಡರ್ಟನ್‌ನ 1975ರ ಪುಸ್ತಕ. ಇವುಗಳ ಉಪಕಾರ ದೊಡ್ಡದು, ಆದರೆ ಸಮಸ್ಯೆ ಶುರುವಾದದ್ದೂ ಇಲ್ಲೇ. ಕಿಟ್ ಎಂಬುದಕ್ಕೆ ಒಂದು ಕೊನೆ ಇರುತ್ತದೆ. ಕೊನೆಯ ರೆಸಿಸ್ಟರ್ ಬೆಸೆದು, ಸ್ವಿಚ್ ಒತ್ತಿ, ‘ಕುಂಯ್’ ಅಂದರೆ ಮುಗಿಯಿತು. ಆ ‘ಕುಂಯ್’ನ ಸುಖ ಎಷ್ಟು ದೊಡ್ಡದೆಂದರೆ, ಅಲ್ಲಿಂದ ನುಡಿಸಲು ಕೂರುವ ಬದಲು ಮನುಷ್ಯ ಇನ್ನೊಂದು ಕಿಟ್ ತರಿಸುತ್ತಾನೆ. ನಾನೂ ತರಿಸಿದ್ದೇನೆ. ನನ್ನ ಕಪಾಟಿನಲ್ಲಿ ಒಂದೇ ಒಂದು ಸಲ ‘ಕುಂಯ್’ ಎಂದು ಸುಮ್ಮನಾದ ಪೆಟ್ಟಿಗೆಗಳು ನಾಲ್ಕಿವೆ.

ಈ ರೋಗ ಉಲ್ಬಣಿಸಿದ್ದು ಯೂರೊರ‍್ಯಾಕ್ ಕಾಲದಲ್ಲಿ. ಜರ್ಮನಿಯ ಡೀಟರ್ ಡೂಪ್ಫರ್ 1990ರ ದಶಕದ ನಡುವೆ ತಂದ ಎ-100 ಎಂಬ ವ್ಯವಸ್ಥೆಯಲ್ಲಿ ಎಲ್ಲ ತುಂಡುಗಳಿಗೂ 128.5 ಮಿಲಿಮೀಟರ್ ಎತ್ತರ, 3.5 ಮಿಲಿಮೀಟರಿನ ಜಾಕ್. ಯೂರೊರ‍್ಯಾಕ್ ಎಂದರೆ ಈ ಅಳತೆಯೇ. ಅದು ಒಂದಾದದ್ದರಿಂದ ಯಾರು ಕಟ್ಟಿದ್ದೂ ಯಾರದ್ದರ ಪಕ್ಕದಲ್ಲೂ ಕೂರುತ್ತದೆ. ಇದು ಪ್ರಜಾಪ್ರಭುತ್ವ, ಒಪ್ಪಿದೆ. ಪ್ಯಾರಿಸ್‌ನ ಎಮಿಲಿ ಜಿಲೆ ಅಂಥವರು ತಮ್ಮ ವಿನ್ಯಾಸಗಳನ್ನು ಸರ್ಕ್ಯೂಟ್, ಕೋಡ್ ಸಮೇತ ಲೋಕಕ್ಕೆ ಬಿಟ್ಟುಕೊಟ್ಟರು. ಅವರ ಕಂಪನಿ ಶುರುವಾದದ್ದು ಕಿಟ್ ಒಂದರಿಂದಲೇ. ಅದರ ಹೆಸರು ‘ಶ್ರುತಿ-1’. ಮುಂದೆ ‘ಅನುಶ್ರೀ’, ‘ಅಂಬಿಕಾ’ ಕೂಡ ಬಂದವು. ಹೆಸರು ಕೇಳಿ ನನಗೆ ಯಾವುದೋ ಮದುವೆ ಮನೆಯಲ್ಲಿ ಕೂತಂತಾಯಿತು. 2022ರ ಕೊನೆಗೆ ಕಂಪನಿ ಬಾಗಿಲು ಹಾಕಿದರೂ ಆ ವಿನ್ಯಾಸಗಳನ್ನು ಇಂದಿಗೂ ಜನ ಮನೆಯಲ್ಲಿ ಬೆಸೆಯುತ್ತಿದ್ದಾರೆ. ತೆರೆದ ಮನಸ್ಸಿನ ಫಲ ಇದು.

ಆದರೂ ತಕರಾರಿದೆ. ಸಂಜೆಗೊಂದು ತುಂಡು ಬದಲಾಗುವ ವಾದ್ಯವನ್ನು ಯಾರು ಅಭ್ಯಾಸ ಮಾಡುತ್ತಾರೆ? ವೀಣೆ ಕಲಿಯುವವನ ಮನೆಗೆ ಪ್ರತಿ ತಿಂಗಳೂ ಬೇರೆ ಬೇರೆ ಮೆಟ್ಟಿಲಿನ ವೀಣೆ ಬಂದರೆ ಸರಳೆ ವರಸೆಯೇ ದಾಟುವುದಿಲ್ಲ. ಕೈಗೆ ಕಲಿಸುವ ಹೊಣೆಯಿಂದ ತಪ್ಪಿಸಿಕೊಳ್ಳಲು ಇಲ್ಲಿ ಒಂದು ಉಪಾಯವೂ ಸಿದ್ಧವಾಗಿದೆ: ಸೀಕ್ವೆನ್ಸರ್. ಹದಿನಾರು ಹೆಜ್ಜೆ ಹಾಕಿ ಬಿಟ್ಟರೆ ಅದು ನುಡಿಸುತ್ತಲೇ ಇರುತ್ತದೆ. ನುಡಿಸುವವನು ಗುಂಡಿ ತಿರುವುತ್ತ ತಲೆದೂಗುತ್ತಾನೆ. ಈ ಪಂಥದ ಧ್ವನಿಮುದ್ರಣಗಳಲ್ಲಿ ಬಹುಪಾಲು ಇದೇ ಜಾತಿಯವು. ನಾದ ಅದ್ಭುತ, ಹೇಳಿಕೆ ಇಲ್ಲ.

ಅಗ್ಗ ಎಂಬ ಹಳೆಯ ಸಮರ್ಥನೆಯೂ ಈಗ ನಿಲ್ಲುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಪುಟ್ಟ ವೋಲ್ಕಾ ಸಿಂಥಸೈಜರ್ ಕೊಳ್ಳುವ ಹಣದಲ್ಲಿ ಅಷ್ಟು ಗುಣದ ಯಂತ್ರವನ್ನು ಮನೆಯಲ್ಲಿ ಕಟ್ಟುವುದು ಕಷ್ಟ. ಹೊರದೇಶದ ಕಿಟ್ ಆದರೆ ಅಂಚೆ, ಸುಂಕ ಬೇರೆ.

ಅಭ್ಯಾಸದ ಆ ತಕರಾರಿಗೆ ಉತ್ತರ ಪರಂಪರೆಯ ಒಳಗೇ ಇದೆ. ಆ್ಯಮ್‌ಸ್ಟರ್‌ಡ್ಯಾಮಿನ ಸ್ಟೈಮ್ ಸಂಸ್ಥೆಯ ಮಿಶೆಲ್ ವೈಸ್‌ವಿಸ್ 1970ರ ದಶಕದಲ್ಲಿ ಮಾಡಿದ ‘ಕ್ರಾಕ್‌ಡೋಸ್’ ಎಂಬ ಪೆಟ್ಟಿಗೆಯಲ್ಲಿ ಆರು ಲೋಹದ ತುಂಡುಗಳಿವೆ. ನಮ್ಮ ಬೆರಳೇ ಸರ್ಕ್ಯೂಟಿನ ಭಾಗ. ಚರ್ಮದ ತೇವಕ್ಕೆ ತಕ್ಕಂತೆ ಅದು ಗದರುತ್ತದೆ, ಚೀರುತ್ತದೆ. ನಿಕೋಲಸ್ ಕಾಲಿನ್ಸ್‌ನ 2006ರ ‘ಹ್ಯಾಂಡ್‌ಮೇಡ್ ಎಲೆಕ್ಟ್ರಾನಿಕ್ ಮ್ಯೂಸಿಕ್’ ಪುಸ್ತಕವೂ ಬ್ಯಾಟರಿ ರೇಡಿಯೊದ ಹೊಟ್ಟೆ ಬಿಚ್ಚಿ ಒದ್ದೆ ಬೆರಳಿಡುವುದನ್ನು ಮೊದಲ ಪಾಠಗಳಲ್ಲೇ ಹೇಳಿಕೊಡುತ್ತದೆ. (ಗೋಡೆಯ ಕರೆಂಟಿಗೆ ಸಿಕ್ಕಿಸಿದ ಯಾವುದಕ್ಕೂ ಇದನ್ನು ಮಾಡಬೇಡಿ.) ಇದೇ ವೈಸ್‌ವಿಸ್ 1984ರಲ್ಲಿ ‘ದಿ ಹ್ಯಾಂಡ್ಸ್’ ಎಂಬ ಕೈಗೆ ತೊಡುವ ವಾದ್ಯ ಕಟ್ಟಿದ ಮೇಲೆ ಒಂದು ಶಿಸ್ತು ಹಾಕಿಕೊಂಡ. ಆಗಾಗ, ಕೆಲವೊಮ್ಮೆ ಎರಡು ವರ್ಷದವರೆಗೆ, ಅದಕ್ಕೆ ಹೊಸದೇನನ್ನೂ ಸೇರಿಸದೆ ಸುಮ್ಮನೆ ನುಡಿಸುವುದು. ಇಡೀ ಪರಂಪರೆಯಲ್ಲಿ ಇದಕ್ಕಿಂತ ಧೈರ್ಯದ ನಿರ್ಧಾರ ನನಗೆ ಕಂಡಿಲ್ಲ. ಕಟ್ಟಬಲ್ಲವನಿಗೆ ಕಟ್ಟದೆ ಇರುವುದು ಎಷ್ಟು ಕಷ್ಟ ಎಂದು ಕಟ್ಟಿದವರಿಗೇ ಗೊತ್ತು.

ಇನ್ನೊಂದು ಉತ್ತರ ನಮ್ಮೂರಲ್ಲೇ ಇದೆ, ಆದರೆ ಅದನ್ನು ಯಾರೂ ಸಿಂಥಸೈಜರ್ ಎಂದು ಕರೆಯುವುದಿಲ್ಲ. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರು ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಕಟ್ಟುವ ಕೈ, ನುಡಿಸುವ ಕೈ ಎರಡೂ ಒಬ್ಬರದೇ. ಆ ಪೆಟ್ಟಿಗೆ ಮಾಡುವುದೇನು? ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜ, ಮತ್ತೆ ಪಂಚಮ. ಅಂದರೆ ಅದು ನಾಲ್ಕು ಹೆಜ್ಜೆಯ ಸೀಕ್ವೆನ್ಸರ್. ತಂತಿಯ ಜವಾರಿ ಅದರಲ್ಲಿಲ್ಲ ಎಂದು ಗೊಣಗುವವರಲ್ಲಿ ನಾನೂ ಒಬ್ಬ. ಆದರೂ ಅದರ ವಿವೇಕಕ್ಕೆ ತಲೆಬಾಗಬೇಕು. ಸೀಕ್ವೆನ್ಸರ್ ಅಲ್ಲಿ ತನ್ನ ಜಾಗ ತಿಳಿದುಕೊಂಡಿದೆ. ಹಿಂದೆ ಕೂತು ನೆಲ ಹಾಸುತ್ತದೆ. ಹೇಳಬೇಕಾದ್ದನ್ನು ಕಂಠಕ್ಕೋ ಬೆರಳಿಗೋ ಬಿಡುತ್ತದೆ.

ಇಷ್ಟು ತಿಳಿದ ಮೇಲೆ ನಾನು 4017 ಪೆಟ್ಟಿಗೆಯನ್ನು ಮತ್ತೆ ಬಿಚ್ಚಿದೆ. ಅದರ ಆರನೆಯ ಪಿನ್ನಿನಿಂದ ಹದಿನೈದನೆಯ ಪಿನ್ನಿಗೆ ಒಂದು ವೈರ್ ಎಳೆದರೆ ಎಂಟನೆಯ ಹೆಜ್ಜೆ ಇಡುವ ಮೊದಲೇ ಅದು ಮೊದಲಿಗೆ ಮರಳುತ್ತದೆ. ಏಳಾಯಿತು, ಮಿಶ್ರ ಛಾಪು. ಅದೇ ವೈರನ್ನು ಒಂದನೆಯ ಪಿನ್ನಿನಿಂದ ಎಳೆದರೆ ಐದು, ಖಂಡ ಛಾಪು. ಆ ವೈರನ್ನು ತೆಗೆದು ಹದಿನೈದನೆಯ ಪಿನ್ನನ್ನು ಗ್ರೌಂಡಿಗೆ ಕಟ್ಟಿದರೆ ಹತ್ತು, ಝಂಪೆಯ ಅಕ್ಷರಗಳಷ್ಟು. ಎಂಟು, ಹದಿನಾರರ ಗಾಣದಲ್ಲಿ ಸುತ್ತುವ ಯಂತ್ರಗಳ ಲೋಕದಲ್ಲಿ ಈ ಒಂದು ವೈರ್ ನನಗೆ ದೊಡ್ಡ ಬಿಡುಗಡೆ ಅನ್ನಿಸಿತು. ಹೆಜ್ಜೆಗಳನ್ನು ಪಂಚಮ, ಷಡ್ಜಗಳಿಗಷ್ಟೇ ಕಟ್ಟಿದೆ. ಮೇಲಿನ ಸ್ವರಕ್ಕೆ ಒಂದು 40106 ಐಸಿ. ಅದರೊಳಗೆ ಆರು ದ್ವಾರಗಳಿವೆ, ಒಂದೊಂದಕ್ಕೂ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಕೊಟ್ಟರೆ ಆರು ಆಸಿಲೇಟರ್. ಅದರಲ್ಲೊಂದರ ರೆಸಿಸ್ಟರ್ ಕಿತ್ತು, ಆ ಜಾಗಕ್ಕೆ ಬೆಳಕಿಗೆ ಸ್ಪಂದಿಸುವ ಎಲ್‌ಡಿಆರ್ ಹಾಕಿ, ಅಂಗೈ ನೆರಳಿನಿಂದ ನುಡಿಸಲು ಶುರುಮಾಡಿದೆ. ಹೆಜ್ಜೆ ಹೆಜ್ಜೆಯಾಗಿ ನಡೆಯುವ ಯಂತ್ರಕ್ಕೆ ಗಮಕ ಬರುವುದಿಲ್ಲ, ನೆರಳಿಗೆ ಬರುತ್ತದೆ. ಬ್ಯಾಟರಿ ಇಳಿದಂತೆ ಶ್ರುತಿ ಜಾರುತ್ತದೆ, ಮೋಡ ಬಂದರೆ ಅಪಸ್ವರ. ಎರಡು ತಿಂಗಳಾದರೂ ಮೋಹನದ ಐದು ಸ್ವರಗಳಲ್ಲಿ ಗಾಂಧಾರ ಇನ್ನೂ ನಿಲ್ಲುತ್ತಿಲ್ಲ.

ಎಸ್.ಪಿ. ರೋಡಿಗೆ ಹೋಗುವವರಿದ್ದರೆ ಹೋಗಿ. ಈ ಎರಡು ಐಸಿ, ಒಂದಷ್ಟು ರೆಸಿಸ್ಟರ್, ಕೆಪಾಸಿಟರ್, ಪಾಟ್, ಒಂದು ಎಲ್‌ಡಿಆರ್, ಒಂದು ಬ್ರೆಡ್‌ಬೋರ್ಡ್, ಒಂಬತ್ತು ವೋಲ್ಟಿನ ಬ್ಯಾಟರಿ, ಸಣ್ಣ ಸ್ಪೀಕರ್, ಅದನ್ನು ನಡೆಸಲು ಪುಟ್ಟ ಆಂಪ್ಲಿಫೈಯರ್ ಬೋರ್ಡ್ ಸಾಕು. ಸಂಜೆಯೊಳಗೆ ‘ಕುಂಯ್’ ಎನ್ನುತ್ತದೆ. ಅಲ್ಲಿಂದ ಆರು ತಿಂಗಳು ದಯವಿಟ್ಟು ಎರಡನೆಯದನ್ನು ಕಟ್ಟಬೇಡಿ.