ನಾವು ಕೊಂಡೆವು, ಅವರು ಸೋತರು

2024ರ ನವೆಂಬರಿನಲ್ಲಿ ಶಿಗ್ಗಾಂವಿ, ಸವಣೂರು ಭಾಗದ ಚಹಾದಂಗಡಿಗಳಲ್ಲಿ ಎಲ್ಲಿ ಕೂತರೂ ಒಂದೇ ಚರ್ಚೆ: ಟಿಕೆಟ್ ಯಾರಿಗೆ ಕೊಡಬೇಕಿತ್ತು, ಯಾರಿಗೆ ಕೊಟ್ಟರು. ಬಸವರಾಜ ಬೊಮ್ಮಾಯಿ ಲೋಕಸಭೆಗೆ ಹೋಗಿದ್ದರಿಂದ ತೆರವಾದ ಶಿಗ್ಗಾಂವಿ ಕ್ಷೇತ್ರಕ್ಕೆ ಆ ತಿಂಗಳ 13ರಂದು ಉಪಚುನಾವಣೆ ನಡೆದು 23ರಂದು ಫಲಿತಾಂಶ ಬಂತು. ಮರುದಿನವೇ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಐಪಿಎಲ್‌ನ ಎರಡು ದಿನಗಳ ಮೆಗಾ ಹರಾಜು ಶುರುವಾಯಿತು. ಚರ್ಚೆಯ ವಿಷಯ ಬದಲಾಯಿತು, ಧಾಟಿ ಮಾತ್ರ ಅದೇ ಉಳಿಯಿತು. ಯಾರನ್ನು ಉಳಿಸಿಕೊಳ್ಳಬೇಕಿತ್ತು, ಯಾರನ್ನು ಬಿಟ್ಟರು, ಮೇಲೆ ಕೂತವರಿಗೆ ಬುದ್ಧಿ ಇದೆಯೋ ಇಲ್ಲವೋ.

ಇದನ್ನು ಹರಟೆ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಸಾಹಿತ್ಯ ಓದುವವರಿಗೆ ಇದು ಪರಿಚಿತ ಪ್ರಕಾರವೇ. ಇಲ್ಲಿ ಹೋಲಿಕೆ ಇದೆ, ಆಧಾರ ಇದೆ, ಮೌಲ್ಯನಿರ್ಣಯ ಇದೆ, ಹಳೆಯದರ ನೆನಪಿದೆ. ಅಂದರೆ ಇದು ವಿಮರ್ಶೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ, ಕಾಲೇಜು ಮೆಟ್ಟಿಲು ಹತ್ತದ ಹುಡುಗರೂ ಚಿನ್ನಸ್ವಾಮಿ ಮೈದಾನದ ಸಣ್ಣ ಬೌಂಡರಿಗೆ ಎಂಥ ಬೌಲರ್ ಬೇಕು ಎಂದು ಕಾರಣ ಸಮೇತ ವಾದಿಸುತ್ತಾರೆ. ಹೋರಿ ಕೊಳ್ಳುವಾಗ ಸುಳಿ, ಹಲ್ಲು, ನಡಿಗೆ ನೋಡಿ ಬಲ್ಲ ನಾಡು ಇದು. ಆ ಕಣ್ಣೇ ಈಗ ಸ್ಟ್ರೈಕ್ ರೇಟ್ ಮೇಲೆ ಬಿದ್ದಿದೆ. ಹಾಗಾಗಿ ಅಭಿಮಾನಿಗೆ ತಿಳಿವಳಿಕೆ ಇಲ್ಲ ಎಂಬುದು ನನ್ನ ತಕರಾರಲ್ಲ. ಆತ ಯಾರ ಕುರ್ಚಿಯಲ್ಲಿ ಕೂತು ಮಾತಾಡುತ್ತಾನೆ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ಅವನ ವ್ಯಾಕರಣ ಗಮನಿಸಿ. ಹರಾಜಿನ ದಿನ ಆತ ಉತ್ತಮ ಪುರುಷದಲ್ಲಿ ಮಾತಾಡುತ್ತಾನೆ: ನಾವು ತಗೊಂಡ್ವಿ, ನಾವು ಬಿಟ್ವಿ, ನಮ್ಮ ಹತ್ತಿರ ಇನ್ನೂ ರೊಕ್ಕ ಐತಿ. ತಂಡ ಸೋತ ಸಂಜೆ ಕ್ರಿಯಾಪದ ಪ್ರಥಮ ಪುರುಷಕ್ಕೆ ಜಾರುತ್ತದೆ: ಅವರು ಸೋತರು, ಅವರಿಗೆ ಆಡಾಕ ಬರಂಗಿಲ್ಲ. ಗೆದ್ದರೆ ಮತ್ತೆ ನಾವು. ಆಟ ಆಡುವಾಗ ದೂರವಾಗುವ ಈ ‘ನಾವು’ ಕೊಳ್ಳುವಾಗ ಮಾತ್ರ ಇಷ್ಟು ಗಟ್ಟಿಯಾಗಿ ಏಕೆ ಬರುತ್ತದೆ?

ಈ ಸೀಮೆಯ ಮಟ್ಟಿಗೆ ನನಗೆ ಒಂದು ಉತ್ತರ ಹೊಳೆಯುತ್ತದೆ. ಇಲ್ಲಿನ ರೈತ ಹರಾಜನ್ನು ಬಲ್ಲ, ಆದರೆ ಮಾರುವವನಾಗಿ. ಇದೇ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಇಳಿಸಿ, ಯಾರೋ ನಮೂದಿಸುವ ಟೆಂಡರ್ ದರಕ್ಕಾಗಿ ಕಾಯುವುದು ಅವನ ಅನುಭವ. 2024ರ ಮಾರ್ಚ್ 11ರಂದು ದರ ಕುಸಿದಾಗ ಆ ಮಾರುಕಟ್ಟೆಯ ಕಚೇರಿ, ವಾಹನಗಳಿಗೆ ಬೆಂಕಿ ಬಿತ್ತು. ದರ ಕೂಗುವ ಅಧಿಕಾರ ಎಂದೂ ಸಿಗದವನಿಗೆ ಐಪಿಎಲ್ ಹರಾಜು ಎರಡು ದಿನ ಆ ಕುರ್ಚಿ ಕೊಡುತ್ತದೆ. ಮೂವರನ್ನು ಉಳಿಸಿಕೊಳ್ಳಲು 37 ಕೋಟಿ ಹೋಗಿ ಆರ್‌ಸಿಬಿ ಕೈಯಲ್ಲಿ 83 ಕೋಟಿ ಉಳಿದಿದೆ ಎಂದರೆ, ಆ ಲೆಕ್ಕ ಊರಿನ ಪ್ರತಿ ಹುಡುಗನ ಬಾಯಲ್ಲೂ ಇರುತ್ತದೆ. ಇದರಲ್ಲಿ ಸುಖವಿದೆ, ಅದನ್ನು ಹಂಗಿಸಬೇಕಾಗಿಲ್ಲ. ಆದರೆ ಬೆಲೆ ಕಟ್ಟಿಸಿಕೊಳ್ಳುವವನ ಸಂಕಟ ಬಲ್ಲವನು ಬೆಲೆ ಕಟ್ಟುವವನ ಭಾಷೆಯನ್ನು ಇಷ್ಟು ಬೇಗ ಕಲಿತದ್ದು ಯೋಚಿಸಬೇಕಾದ ಸಂಗತಿ.

ಹಳೆಯ ದನದ ಸಂತೆಗಳಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರು. ಬೆಲೆ ಕೊಟ್ಟವನಿಗೆ, ಕೊಂಡವನಿಗೆ ಗೊತ್ತು, ಸಂತೆಗೆ ಗೊತ್ತಿಲ್ಲ. ಐಪಿಎಲ್ ಆ ಟವೆಲ್ಲನ್ನು ಕಿತ್ತುಹಾಕಿದೆ. ಬೆಲೆ ಆಟಗಾರನ ಹೆಸರಿಗೆ ವಿಶೇಷಣವಾಗಿ ಅಂಟಿಕೊಂಡು, ಅವನ ಒಂದೊಂದು ಹೊಡೆತವನ್ನೂ ಅದರಿಂದ ಭಾಗಿಸಿ ನೋಡುವ ವಿಮರ್ಶೆ ಹುಟ್ಟಿದೆ. ಜಿತೇಶ್ ಶರ್ಮಾ ಹರಾಜಿನ ದಿನ 11 ಕೋಟಿಯ ಪ್ರಶ್ನೆಯಾಗಿದ್ದರು. 2025ರ ಮೇ 27ರಂದು ಲಖನೌದಲ್ಲಿ 33 ಎಸೆತಗಳಿಗೆ ಅಜೇಯ 85 ಹೊಡೆದು 228 ರನ್ನುಗಳ ಗುರಿ ದಾಟಿಸಿದ ಮೇಲೆ 11 ಕೋಟಿಯ ಉತ್ತರವಾದರು. ಎರಡೂ ಸಲ ಮಾತು ದುಡ್ಡಿನದೇ. ನಡುವೆ ಆ ಆಟದ ಚೆಲುವಿನ ಬಗ್ಗೆ ಎಷ್ಟು ಮಾತಾಯಿತು?

ಅಭಿಮಾನಿಯ ಚೀಲದಲ್ಲಿ ಇನ್ನೊಂದು ಅಳತೆಗೋಲೂ ಇದೆ: ‘ನಮ್ಮವ’. ಅದು ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಇಲ್ಲ. ಜೆಡ್ಡಾದಲ್ಲಿ ಕೆ.ಎಲ್. ರಾಹುಲ್ ಹೆಸರು ಬಂದಾಗ ಆರ್‌ಸಿಬಿ ಸ್ವಲ್ಪ ಹೊತ್ತು ಕೂಗಿ ಕೈಬಿಟ್ಟಿತು, ಡೆಲ್ಲಿ 14 ಕೋಟಿಗೆ ಕೊಂಡಿತು. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲೇ ರಾಹುಲ್ ಅಜೇಯ 93 ಹೊಡೆದು ಡೆಲ್ಲಿಯನ್ನು ಗೆಲ್ಲಿಸಿದರು. ಬಳಿಕ ನೆಲದ ಮೇಲೆ ಬ್ಯಾಟಿನಿಂದ ವೃತ್ತ ಎಳೆದು, ಬ್ಯಾಟನ್ನು ಅದರೊಳಗೆ ಊರಿದರು. ‘ಕಾಂತಾರ’ ನೋಡಿದ ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ತಂಡದ ಹೆಸರಿನಲ್ಲಿ ಬೆಂಗಳೂರು ಇದೆ, ನೆಲ ಯಾರದು ಎಂದು ಎದುರಾಳಿ ಅಂಗಿ ತೊಟ್ಟ ಕನ್ನಡಿಗ ಕೇಳಿದಂತಿತ್ತು. ಆ ರಾತ್ರಿ ಅಭಿಮಾನಿಯ ‘ನಾವು’ ಎರಡಾಗಿ ಸೀಳಿತು. ಆ ಋತುವಿನಲ್ಲಿ ಅವನ ವಿಮರ್ಶೆ ಅತ್ಯಂತ ಪ್ರಾಮಾಣಿಕವಾಗಿದ್ದ ರಾತ್ರಿ ಅದೇ ಎಂದು ನನಗನಿಸುತ್ತದೆ.

ಆದರೆ ಈ ‘ನಮ್ಮವ’ ಎಂಬುದಕ್ಕೂ ಗಡಿಗಳಿವೆ. 2023ರ ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಲ್ಲಿ ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್ 10 ಲಕ್ಷಕ್ಕೆ ಆರ್‌ಸಿಬಿ ಸೇರಿದರು. 2024ರ ಮಾರ್ಚ್ 17ರ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ಕಿತ್ತರು, ಆರ್‌ಸಿಬಿ ಹೆಸರಿಗೆ ಮೊದಲ ಕಪ್ ಬಂತು. ದುಡ್ಡಿನ ಲೆಕ್ಕದಲ್ಲೂ ನೆಲದ ಲೆಕ್ಕದಲ್ಲೂ ಇದಕ್ಕಿಂತ ಸರಿಯಾದ ಆಯ್ಕೆ ಯಾವುದು? ಆದರೂ ಹರಾಜಿನ ಜಾಣತನದ ಚರ್ಚೆಗೆ ಆ ಹೆಸರು ಉದಾಹರಣೆಯಾಗಿ ಬರುವುದು ಅಪರೂಪ. ಚಹಾದಂಗಡಿಯ ಬೆಂಚಿನ ಮೇಲೆ ಯಾರು ಕೂರುತ್ತಾರೆ ಎಂಬುದೂ ವಿಮರ್ಶೆಯ ಮಾನದಂಡವನ್ನು ನಿರ್ಧರಿಸುತ್ತದೆ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ ಆರ್‌ಸಿಬಿ ಪುರುಷರ ತಂಡ ಮೊದಲ ಸಲ ಐಪಿಎಲ್ ಗೆದ್ದಿತು. ಹರಾಜಿನ ಮೇಲಿನ ವಾದಗಳೆಲ್ಲ ಒಂದೇ ರಾತ್ರಿಗೆ ಮುಗಿದವು. ಆಡಳಿತ ಮಂಡಳಿಯನ್ನು ಬೈದವರೇ ಅದರ ದೂರದೃಷ್ಟಿಯನ್ನು ಕೊಂಡಾಡಿದರು. ಗೆದ್ದ ಎತ್ತಿನ ಬಾಲ ಹಿಡಿಯುವುದು ನಮಗೆ ಹೊಸದಲ್ಲ. ಪ್ರಶಸ್ತಿ ಬಂದ ಮೇಲೆ ಕೃತಿಯ ಗುಣ ಕಂಡುಹಿಡಿಯುವ ಸಾಹಿತ್ಯ ವಿಮರ್ಶಕರೂ ಇದ್ದಾರೆ. ಆದರೆ ಫಲಿತಾಂಶ ಬಂದ ಕೂಡಲೇ ಮುಗಿದುಹೋಗುವ ವಿಮರ್ಶೆ ಕೇವಲ ಪಂದ್ಯದ ಜೂಜು. ರಾಹುಲ್‌ನನ್ನು ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆಗೆ ಕಪ್ಪು ಉತ್ತರವಲ್ಲ, ಏಕೆಂದರೆ ಆ ಪ್ರಶ್ನೆ ಕಪ್ಪಿನ ಬಗ್ಗೆ ಇರಲೇ ಇಲ್ಲ.

ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆಯ ‘ನಮ್ದು’ ಎಂಬ ಪದವನ್ನು ಅಕ್ಷರಶಃ ನಂಬಿ ಬಂದವರು ಅವರು. ಹರಾಜಿನ ಒಂದೊಂದು ಲಕ್ಷವನ್ನೂ ಲೆಕ್ಕ ಇಟ್ಟಿದ್ದ ನಮ್ಮ ವಿಮರ್ಶೆ, ಗೇಟಿನ ಬಳಿ ಎಷ್ಟು ಜನ ಬರಬಹುದು, ಯಾರು ಹೊಣೆ ಎಂಬ ಲೆಕ್ಕವನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಕೊಳ್ಳುವವನ ಕುರ್ಚಿಯಿಂದ ಜನಸಂದಣಿ ಕಾಣುವುದಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ, ತಂಡದಲ್ಲಿನ ತನ್ನ ಹೂಡಿಕೆಯನ್ನು ಪರಾಮರ್ಶಿಸುವುದಾಗಿ ಮಾಲೀಕ ಸಂಸ್ಥೆ ಯುನೈಟೆಡ್ ಸ್ಪಿರಿಟ್ಸ್ ಷೇರುಪೇಟೆಗೆ ತಿಳಿಸಿತು. ಮಾರುಕಟ್ಟೆಯ ಭಾಷೆಯಲ್ಲಿ ಇದರರ್ಥ ತಂಡವೇ ಮಾರಾಟಕ್ಕೆ ಬರಬಹುದು ಎಂದು. ಇಷ್ಟು ದಿನ ‘ನಾವು’ ಕೊಂಡೆವು ಎಂದುಕೊಂಡಿದ್ದೆವಲ್ಲ, ಆ ವ್ಯಾಪಾರದಲ್ಲಿ ನಮ್ಮ ಅಭಿಮಾನ ಕೊಳ್ಳುವ ಕಡೆ ಇರಲಿಲ್ಲ. ತಂಡದ ಬೆಲೆ ಏರಿಸುವ ಸರಕಿನ ಪಟ್ಟಿಯಲ್ಲಿ ಅದೂ ಇತ್ತು.

ಹೀಗೆಂದು ಚಹಾದಂಗಡಿಯ ಚರ್ಚೆ ನಿಲ್ಲಬೇಕಿಲ್ಲ. ದೀಪಾವಳಿ ಕಳೆದ ಮೇಲೆ ಇದೇ ನಾಲ್ಕು ತಾಲ್ಲೂಕುಗಳಲ್ಲಿ ಕೊಬ್ಬರಿ ಹೋರಿಗಳು ಓಡುತ್ತವೆ. ಅವಕ್ಕೂ ಹೆಸರಿದೆ, ಅಂಗಿಯ ಮೇಲೆ ಆ ಹೆಸರು ಬರೆಸಿಕೊಂಡ ಅಭಿಮಾನಿಗಳಿದ್ದಾರೆ, ಲಕ್ಷಗಟ್ಟಲೆ ಬೆಲೆಯೂ ಇದೆ. ಆದರೆ ಅಖಾಡದ ಅಂಚಿನಲ್ಲಿ ನಿಂತವನು ಹೋರಿ ಹೇಗೆ ಓಡಿತು ಎಂದು ಮಾತಾಡುವಾಗಲೇ ತಾನು ಎಲ್ಲಿ ನಿಂತಿದ್ದೇನೆ ಎಂಬುದನ್ನೂ ನೋಡಿಕೊಳ್ಳುತ್ತಾನೆ. ಬೇಲಿಯ ಯಾವ ಕಡೆ ಇದ್ದೇನೆಂಬ ಆ ಎಚ್ಚರ ಹರಾಜಿನ ವಿಮರ್ಶೆಗೂ ಬಂದರೆ, ಮುಂದಿನ ಸಲ ಯಾರನ್ನು ಕೊಂಡರು ಎಂಬುದರ ಜೊತೆಗೆ ಯಾರ ಹೆಸರಿನಲ್ಲಿ ಕೊಂಡರು ಎಂದೂ ಅಲ್ಲಿ ಕೇಳಬಹುದು.