ಮೂವತ್ತೊಂದನೇ ಕಲಮು

1998ರ ಏಪ್ರಿಲ್‌ನಲ್ಲಿ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಧಾರಾವಾಹಿಯಲ್ಲಿ ವಾರದ ಅಂತರದಲ್ಲಿ ಎರಡು ಕಂತು ಬಂದವು: ‘ಇನ್‌ಕ್ವಿಸಿಷನ್’ ಮತ್ತು ‘ಇನ್ ದ ಪೇಲ್ ಮೂನ್‌ಲೈಟ್’. ಗೂಢಚಾರರ ನೀತಿ-ಅನೀತಿ ಕುರಿತು ಟಿವಿಯ ವಿಜ್ಞಾನ ಕಥೆಗಳಲ್ಲಿ ಈ ಜೋಡಿಯನ್ನು ಮೀರಿಸಿದ್ದನ್ನು ನಾನಿನ್ನೂ ನೋಡಿಲ್ಲ. ಅಭಿಮಾನಿಗಳು ಮೊದಲನೆಯದರ ಮೂವತ್ತೊಂದನೇ ಸೆಕ್ಷನ್ನನ್ನು ಹೊತ್ತು ಮೆರೆಸುತ್ತಾರೆ. ನನ್ನ ಮತ ಎರಡನೆಯದಕ್ಕೆ.

ಸ್ಟಾರ್ ಟ್ರೆಕ್‌ನ ಒಕ್ಕೂಟವೆಂದರೆ ಹಸಿವು, ದುರಾಸೆಗಳನ್ನು ದಾಟಿ ಬಂದ ಸಮಾಜ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಹಳೆಯ ಸರಣಿ ನೋಡಿದವರಿಗೆ ಆ ಭರವಸೆಯ ಧಾಟಿ ನೆನಪಿದ್ದೀತು. ‘ಇನ್‌ಕ್ವಿಸಿಷನ್’ ಅದರ ಬುಡಕ್ಕೇ ಕೈಹಾಕಿತು. ಸ್ಲೋನ್ ಎಂಬಾತ, ಕಥೆ ನಡೆಯುವ ಬಾಹ್ಯಾಕಾಶ ನಿಲ್ದಾಣದ ಡಾಕ್ಟರ್ ಬಶೀರನ ಮೇಲೆ ದ್ರೋಹದ ಆರೋಪ ಹೊರಿಸಿ ಹಿಂಡುತ್ತಾನೆ. ಡಾಕ್ಟರು ನಿರಪರಾಧಿ ಎಂದು ಖಾತ್ರಿಯಾದ ಮೇಲೆ, ನಮ್ಮ ಕಡೆ ಕೆಲಸಕ್ಕೆ ಬಾ ಎನ್ನುತ್ತಾನೆ. ಅವನ ಸಂಸ್ಥೆಯೇ ಆ ಮೂವತ್ತೊಂದನೇ ಸೆಕ್ಷನ್. ಅದಕ್ಕೆ ಕಚೇರಿಯಿಲ್ಲ, ಮೇಲೆ ಕೇಳುವವರಿಲ್ಲ. ಅಧಿಕಾರ ಎಲ್ಲಿಂದ ಬಂತೆಂದರೆ, ಒಕ್ಕೂಟದ ಪಡೆಯಾದ ಸ್ಟಾರ್‌ಫ್ಲೀಟ್‌ನ ಮೂಲ ಸನ್ನದಿನಲ್ಲೇ ಇದ್ದೇವೆ ಎಂಬ ಉತ್ತರ.

ಮುಂದಿನ ವರ್ಷ ಇದೇ ಸಂಸ್ಥೆ, ಒಕ್ಕೂಟದೊಡನೆ ಯುದ್ಧಕ್ಕಿಳಿದ ಶತ್ರು ಕುಲವನ್ನೇ ಅಳಿಸುವ ರೋಗ ತಯಾರಿಸಿದ್ದು ಬಯಲಾಗುತ್ತದೆ. ಅದನ್ನು ಹಬ್ಬಿಸಲು ಬಳಸಿದ್ದು ನಿಲ್ದಾಣದ ಭದ್ರತಾ ಅಧಿಕಾರಿ ಓಡೋನ ಮೈಯನ್ನು, ಅವನಿಗೇ ಗೊತ್ತಿಲ್ಲದಂತೆ. ಬಶೀರ್ ಹೆಣಗಾಡಿ ಮದ್ದು ಕಂಡುಹಿಡಿಯುತ್ತಾನೆ. ಆಗ ಒಕ್ಕೂಟದ ಪರಿಷತ್ತು ಏನು ಮಾಡಿತು? ರೋಗ ಬಿಟ್ಟವರು ನಾವಲ್ಲ, ಆದರೆ ಮದ್ದು ಕೊಡುವುದಿಲ್ಲ ಎಂದಿತು. ಸ್ಲೋನ್ ಎಷ್ಟು ಕೆಟ್ಟವನು ಎಂಬ ಚರ್ಚೆಯಲ್ಲಿ ಮುಳುಗಿದವರು ಈ ಪರಿಷತ್ತನ್ನು ಮರೆಯುತ್ತಾರೆ. ಗುಪ್ತ ಸಂಸ್ಥೆಯ ನಿಜವಾದ ಉಪಯೋಗ ಇದೇ: ಮೇಲಿದ್ದವರ ಕೈಗೆ ಮಸಿ ಹತ್ತುವುದಿಲ್ಲ, ಲಾಭ ಮಾತ್ರ ತಪ್ಪುವುದಿಲ್ಲ.

‘ಪೇಲ್ ಮೂನ್‌ಲೈಟ್’ ಈ ಸೌಕರ್ಯವನ್ನು ಯಾರಿಗೂ ಕೊಡುವುದಿಲ್ಲ. ಯುದ್ಧ ಸೋಲುವ ಹಾದಿಯಲ್ಲಿದೆ. ತಟಸ್ಥರಾದ ರೋಮ್ಯುಲನ್ನರನ್ನು ತಮ್ಮ ಕಡೆ ಎಳೆಯಬೇಕು. ಕ್ಯಾಪ್ಟನ್ ಸಿಸ್ಕೊ ಸಹಾಯ ಕೇಳುವುದು ದರ್ಜಿ ಗ್ಯಾರಕ್‌ನನ್ನು. ಈತ ಕಾರ್ಡೇಸಿಯದ ಗೂಢಚಾರ ದಳದಿಂದ ಹೊರಬಿದ್ದವನು. ನಮ್ಮ ಬೆಳಗಾವಿಯ ಶಹಾಪುರದಂಥ ನೇಕಾರರ, ಬಟ್ಟೆ ವ್ಯಾಪಾರಿಗಳ ಊರಿನವರಿಗೆ ಈ ಪಾತ್ರದ ಜಾಣ್ಮೆ ಬೇಗ ತಿಳಿಯುತ್ತದೆ. ಅಳತೆ ಕೊಡಲು ನಿಂತವರು ಮನೆಯ ಸುದ್ದಿಯನ್ನೂ ಕೊಟ್ಟೇ ಹೋಗುತ್ತಾರೆ! ಮೊದಲು ಖೊಟ್ಟಿ ದಾಖಲೆ ಹುಟ್ಟಿಸುತ್ತಾರೆ. ರೋಮ್ಯುಲನ್ ಸೆನೆಟರ್ ಅದನ್ನು ಹಿಡಿಯುತ್ತಾನೆ. ಗ್ಯಾರಕ್ ಆ ಸೆನೆಟರನ ನೌಕೆಯನ್ನೇ ಸ್ಫೋಟಿಸಿ, ತಪ್ಪು ಶತ್ರುವಿನ ತಲೆಗೆ ಕಟ್ಟುತ್ತಾನೆ. ರೋಮ್ಯುಲನ್ನರು ಯುದ್ಧಕ್ಕೆ ಇಳಿಯುತ್ತಾರೆ. ಯೋಜನೆಗೆ ಮೇಲಿನವರ ಒಪ್ಪಿಗೆ ಇತ್ತು ಎಂಬುದನ್ನೂ ಕಥೆ ಮುಚ್ಚಿಡುವುದಿಲ್ಲ. ಸಿಸ್ಕೊ ಇದಿಷ್ಟನ್ನೂ ನೇರ ನಮ್ಮ ಮುಖ ನೋಡಿ ಹೇಳಿ, ಕೊನೆಗೆ ತಾನು ಹೇಳಿದ್ದರ ದಾಖಲೆಯನ್ನೇ ಅಳಿಸಿಬಿಡುತ್ತಾನೆ. ತಪ್ಪಿಗೆ ಇಲ್ಲಿ ಹೆಸರಿದೆ, ಮುಖವಿದೆ. ಸಿಸ್ಕೊ ಪಾತ್ರದ ಏವರಿ ಬ್ರೂಕ್ಸ್ ಅವರ ಅಭಿನಯಕ್ಕಾಗಿಯೇ ನೋಡಬಹುದು.

ನಮ್ಮಲ್ಲಿ ಇಂಥ ಪ್ರಶ್ನೆ ತೆರೆಯ ಮೇಲೆ ಏಳಲಿಲ್ಲ. ‘ಜೇಡರ ಬಲೆ’ ಬಂದದ್ದು 1968ರಲ್ಲಿ. ದೇಶದ ಗೂಢಚಾರ ಸಂಸ್ಥೆ ರಾ ಹುಟ್ಟಿದ್ದೂ ಅದೇ ವರ್ಷ. ರಾಜ್‌ಕುಮಾರ್ ಅವರ ಸಿಐಡಿ 999 ಯಾರಿಗೆ ಲೆಕ್ಕ ಒಪ್ಪಿಸುತ್ತಾನೆಂದು ಯಾರೂ ಕೇಳಲಿಲ್ಲ, ಕೇಳುವ ಪುರಸೊತ್ತೂ ಇರಲಿಲ್ಲ. ಪ್ರಶ್ನೆ ಎದ್ದದ್ದು ಕರ್ನಾಟಕ ಹೈಕೋರ್ಟಿನಲ್ಲಿ. ಐಬಿಯಲ್ಲೇ ದುಡಿದು ನಿವೃತ್ತರಾಗಿದ್ದ ಆರ್.ಎನ್. ಕುಲಕರ್ಣಿ, ಆ ಸಂಸ್ಥೆ ಯಾವ ಕಾನೂನಿನ ಮೇಲೆ ನಿಂತಿದೆ ಎಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅದರ ಹುಟ್ಟು 1887ರಲ್ಲಿ, ಬ್ರಿಟಿಷರ ಕಾಲದ ಆದೇಶದಿಂದ. ಆಧಾರವೆಂದು ತೋರಿಸಲು ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ಎಂಟನೇ ನಮೂದು ಒಂದಿದೆ. ಸಂಸತ್ತು ಮಾಡಿದ ಕಾಯ್ದೆ ಇಲ್ಲ. ರಾ ಸಂಸ್ಥೆಗೂ ಇಲ್ಲ. ಬ್ರಿಟನ್ ತನ್ನ ಎಂಐ6ಗೆ 1994ರಲ್ಲೇ ಕಾಯ್ದೆ ಮಾಡಿತು. ನಮ್ಮ ಸಂಸ್ಥೆಗಳು ಸ್ಲೋನನ ಸಂಸ್ಥೆಯಂಥವು ಎಂದು ನಾನು ಹೇಳುತ್ತಿಲ್ಲ. ಅವಕ್ಕೆ ಮೇಲಧಿಕಾರಿಗಳಿದ್ದಾರೆ, ಸರ್ಕಾರವಿದೆ. ಆದರೆ ಅಧಿಕಾರದ ಮೂಲ ಕೇಳಿದಾಗ ಒಂದು ಹಳೆಯ ಸಾಲಿನ ಕಡೆ ಬೆರಳು ತೋರಿಸುವುದನ್ನು ನೋಡಿದರೆ, ಆ ಕಂತು ಬರೆದವರು ಗಾಳಿಯಲ್ಲಿ ಗೋಪುರ ಕಟ್ಟಿರಲಿಲ್ಲ ಎನಿಸುತ್ತದೆ.

ಕಳಿಸಿದವರನ್ನು ಮರೆಯುವ ಚಾಳಿ ನಮ್ಮಲ್ಲೂ ಇದೆ. ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನನ್ನು ಹಿಡಿದುಕೊಟ್ಟವರು ಸಂಗಡಿಗರಂತೆ ದಂಡು ಸೇರಿಕೊಂಡವರು. ಆ ದ್ರೋಹಿಗಳಿಗೆ ನಮ್ಮ ಸೀಮೆಯಲ್ಲಿ ಇಂದಿಗೂ ಶಾಪ ಹಾಕುತ್ತಾರೆ. ಅವರನ್ನು ಕಳಿಸಿದ ಕಂಪನಿ ಸಾಹೇಬರ ಹೆಸರು ಹೇಳಿರೆಂದರೆ ಬಹುತೇಕರು ತಡವರಿಸುತ್ತಾರೆ. ಸ್ಲೋನನಿಗೆ ಬೈದು ಪರಿಷತ್ತನ್ನು ಮರೆಯುವ ಅಭಿಮಾನಿಗಳದ್ದೂ ಇದೇ ರೋಗ.

2025ರಲ್ಲಿ ಮಿಷೆಲ್ ಯೋ ಅವರನ್ನು ಮುಂದಿಟ್ಟುಕೊಂಡು ‘ಸೆಕ್ಷನ್ 31’ ಎಂಬ ಸಿನಿಮಾವನ್ನೇ ತೆಗೆದರು. ಹೊಡೆದಾಟ, ಕುಣಿದಾಟ ಭರ್ಜರಿ. ಪ್ರಶ್ನೆ ಮಾತ್ರ ಕಾಣೆ. ಸಂಸ್ಥೆಯನ್ನು ಷೋಕಿಯ ಸಾಮಾನು ಮಾಡಿದ ಮೇಲೆ ನೀತಿಯ ಮಾತಿಗೆ ಜಾಗವೆಲ್ಲಿ? ಅದನ್ನು ಬಿಡಿ. 1998ರ ಆ ಎರಡು ಕಂತುಗಳನ್ನು ಬಂದ ಕ್ರಮದಲ್ಲೇ ನೋಡಿ. ನಡುವೆ ಒಂದು ವಾರ ಬಿಟ್ಟರೆ ಇನ್ನೂ ಚಲೋ.