ಮೆಟ್ಟಿಲಾದ ಓರೆಗೆರೆ: ಆಟದೊಳಗಿನ ರೂನ್ ಕಲ್ಲುಗಳು

ಶಾಸನ ಓದುವವರಿಗೆ ಒಂದು ಚಟ ಇರುತ್ತೆ. ಎಲ್ಲೇ ಕಲ್ಲಿನ ಮೇಲೆ ಅಕ್ಷರ ಕಂಡರೂ ಕಾಲು ನಿಲ್ಲುತ್ತೆ, ಅದು ಕಂಪ್ಯೂಟರ್ ಆಟದೊಳಗಿನ ಕಲ್ಲಾದರೂ ಸರಿ. ಈಚೆಗೆ, ಪುಟ್ಟ ಘನಗಳಿಂದಲೇ ಲೋಕ ಕಟ್ಟುವ ಆಟವೊಂದಕ್ಕೆ ಹವ್ಯಾಸಿಗಳು ಮಾಡಿದ ನಾರ್ಸ್ ಮಾಡ್ ನೋಡುತ್ತಿದ್ದೆ. ಮೂಲ ಆಟಕ್ಕೆ ಆಟಗಾರರೇ ಹೊರಗಿನಿಂದ ಸೇರಿಸುವ ಭಾಗಕ್ಕೆ ಮಾಡ್ ಅಂತಾರೆ. ಉದ್ದಮನೆ, ಹಡಗು, ಹಳ್ಳಿಯ ದಾರಿಯುದ್ದಕ್ಕೂ ಏಳು ರೂನ್ ಕಲ್ಲು. ಏಳರಲ್ಲಿ ನನಗೆ ಓದಲು ಬಂದದ್ದು ಒಂದೇ. ಅದೂ ಇಂಗ್ಲಿಷು: 'ವಾರಿಯರ್'.

ಉಚಿತವಾಗಿ, ಪ್ರೀತಿಯಿಂದ ಮಾಡಿದ ಕೆಲಸ. ಹೆಸರು ಹಿಡಿದು ದೂರುವ ಉದ್ದೇಶ ನನಗಿಲ್ಲ. ಮೆಚ್ಚುವುದೂ ಬಹಳ ಇದೆ. ಕಲ್ಲುಗಳನ್ನು ಕಾಡಿನ ಮಧ್ಯೆ ರಹಸ್ಯವಾಗಿ ಬಚ್ಚಿಡದೆ ದಾರಿಯ ಪಕ್ಕ, ಸೇತುವೆಯ ಹತ್ತಿರ ನಿಲ್ಲಿಸಿದ್ದಾರೆ. ಸ್ವೀಡನ್ನಿನ ಎಷ್ಟೋ ಕಲ್ಲುಗಳು ನಿಂತಿರುವುದು ಹಾಗೆಯೇ, ಹೋಗಿಬರುವ ಜನ ಕಾಣಲಿ ಅಂತ. ಆಕಾರವೂ ಚೆಕ್ಕೆ ಎದ್ದ ಬಂಡೆಯದ್ದೇ, ಇಸ್ತ್ರಿ ಹೊಡೆದ ಹಲಗೆಯದ್ದಲ್ಲ. ಸುತ್ತಿಕೊಂಡ ಹಾವಿನ ಮೈಯೊಳಗೇ ಬರಹ ಹರಿಯುವ ಉಪ್ಲಾಂಡ್ ಶೈಲಿಯನ್ನೂ ಗಮನಿಸಿದ್ದಾರೆ. ಇಷ್ಟೆಲ್ಲ ನೋಡಿದವರು ಅಕ್ಷರವನ್ನು ಮಾತ್ರ ಯಾಕೆ ನೋಡಲಿಲ್ಲ?

ಮಾಧ್ಯಮದ ಮಿತಿ ಅನ್ನಬಹುದು. ಪರದೆಯ ಚುಕ್ಕಿ ಪಿಕ್ಸೆಲ್. ಅದಕ್ಕೆ ಆಳವನ್ನೂ ಕೊಟ್ಟರೆ ವೋಕ್ಸೆಲ್. ಮೈನ್‌ಕ್ರಾಫ್ಟ್ ಬಗೆಯ ಆಟಗಳಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರು. ಅದನ್ನು ಪ್ರತಿ ಬದಿಗೆ 16 ಪಾಲು ಮಾಡಿದರೆ ಒಂದೊಂದು ಘನ 6.25 ಸೆಂ.ಮೀ. ಡೆನ್ಮಾರ್ಕಿನ ಯೆಲ್ಲಿಂಗ್‌ನ ದೊಡ್ಡ ಕಲ್ಲು ಸುಮಾರು 2.43 ಮೀಟರ್ ಎತ್ತರ. ಈ ಲೆಕ್ಕದಲ್ಲಿ ಅದು 39 ಘನಗಳಿಗೆ ಮುಗಿದುಹೋಯಿತು. ಸ್ವೀಡನ್ನಿನ ರ‍್ಯೋಕ್ ಕಲ್ಲಿನ ಮೇಲೆ ಸುಮಾರು 760 ರೂನ್‌ಗಳಿವೆ. ಅಷ್ಟನ್ನು ಇಲ್ಲಿ ಹಿಡಿಸುವುದು ಆಗದ ಮಾತು. ಇದನ್ನು ಒಪ್ಪುತ್ತೇನೆ. ಆದರೆ ಎಲ್ಲ ಬರೆಯಲಾಗದು ಅನ್ನುವುದು ಬೇರೆ, ಏನಾದರೂ ಗೀಚಿದರೆ ನಡೆಯುತ್ತೆ ಅನ್ನುವುದು ಬೇರೆ.

ನಿಜವಾದ ಎಡವಟ್ಟು ಓರೆಗೆರೆಯಲ್ಲಿ ಆಗಿದೆ. ರೂನ್‌ಗಳು ಬಹುಪಾಲು ನಿಲುಗೆರೆ ಮತ್ತು ಓರೆಗೆರೆಗಳಿಂದ ಆದವು. ಮರದ ಮೇಲೆ ಕೊರೆಯುವಾಗ ಅಡ್ಡಗೆರೆ ಮರದ ಎಳೆಯೊಳಗೆ ಕಳೆದುಹೋಗುತ್ತೆ, ಅದಕ್ಕೇ ಅದನ್ನು ತಪ್ಪಿಸಿದರು ಅನ್ನುವುದು ಸಾಮಾನ್ಯ ವಿವರಣೆ. ವೋಕ್ಸೆಲ್‌ನ ಸ್ವಭಾವ ಇದಕ್ಕೆ ತಿರುಗುಮುರುಗು: ನಿಲುಗೆರೆ, ಅಡ್ಡಗೆರೆ ಸಲೀಸು, ಓರೆಗೆರೆ ಮೆಟ್ಟಿಲಾಗುತ್ತೆ. ಮೆಟ್ಟಿಲು ಅಂದವಾಗಿ ಕಾಣಲ್ಲ ಅಂತಲೋ ಏನೋ, ಈ ಮಾಡ್‌ನವರು ಓರೆಗೆರೆಯನ್ನೆಲ್ಲ ಮಟ್ಟ ಹಿಡಿದು ಅಡ್ಡಗೆರೆ ಮಾಡಿಬಿಟ್ಟಿದ್ದಾರೆ.

ಇದರಿಂದ ಏನಾಯಿತು ನೋಡಿ. ವೈಕಿಂಗ್ ಕಾಲದ ಲಿಪಿಯಲ್ಲಿ 'ನ' ಮತ್ತು 'ಅ' ಎರಡಕ್ಕೂ ಒಂದೇ ನಿಲುಗೆರೆ, ಅದನ್ನು ದಾಟುವ ಒಂದು ಗಿಡ್ಡ ಓರೆಗೆರೆ. ಆ ಗೆರೆ ಎಡದಿಂದ ಬಲಕ್ಕೆ ಇಳಿದರೆ 'ನ', ಏರಿದರೆ 'ಅ'. ನಮ್ಮ 'ಪ'ಕ್ಕೂ 'ಷ'ಕ್ಕೂ ಒಳಗಿನ ಒಂದು ಗೆರೆ ಹೇಗೋ ಹಾಗೆ, ಅಲ್ಲಿ ಆ ವಾಲುವಿಕೆಯೇ ಅಕ್ಷರ. ಅದನ್ನು ಅಡ್ಡ ಮಲಗಿಸಿದರೆ ಎರಡೂ ಒಂದೇ ಶಿಲುಬೆಯಾಗುತ್ತವೆ. 'ಕಲ್ಲು' ಅನ್ನುವ ಅರ್ಥದ 'ಸ್ಟೈನ್' ಪದವನ್ನೇ ತೊಗೊಳ್ಳಿ, ಸ್ವೀಡನ್ನಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವಂಥದ್ದು. ಅದರ ಐದು ರೂನ್‌ಗಳಲ್ಲಿ ಮೂರನೆಯದು 'ಅ', ಐದನೆಯದು 'ನ'. ಮಾಡ್‌ನ ಕ್ರಮದಲ್ಲಿ ಬರೆದರೆ ಕಲ್ಲಿನ ಮೇಲೆ 'ಕಲ್ಲು' ಅಂತ ಬರೆಯಲಿಕ್ಕೂ ಆಗಲ್ಲ!

ಹಾಗಾದರೆ ಘನಗಳಲ್ಲಿ ಸಾಧ್ಯವೇ ಇಲ್ಲವೇ? ಚೌಕಳಿ ಹಾಳೆ ತೊಗೊಂಡು ನಾನೇ ಕೂತು ನೋಡಿದೆ. ನಿಲುಗೆರೆಗೆ ಐದು ಮನೆ. ನಡುವಿನ ಮನೆಯ ಎಡಕ್ಕೆ ಒಂದು ಘನ, ಅದು ಒಂದು ಮನೆ ಮೇಲೆ; ಬಲಕ್ಕೆ ಒಂದು, ಅದು ಒಂದು ಮನೆ ಕೆಳಗೆ. 'ನ' ಆಯಿತು. ತಿರುಗಿಸಿ ಇಟ್ಟರೆ 'ಅ'. ಒಂದು ಘನ ಕೂಡ ಹೆಚ್ಚು ಬೇಕಿಲ್ಲ. ಮಿತಿ ಮಾಧ್ಯಮದ್ದಲ್ಲ, ಎರಡು ಅಕ್ಷರ ಬೇರೆ ಅಂತ ಗೊತ್ತಿಲ್ಲದ್ದು.

ಎರಡನೆಯ ತಕರಾರು ಕಾಲದ್ದು. ಓದಲು ಬಂದ ಆ 'ವಾರಿಯರ್' ಇರುವುದು 24 ಅಕ್ಷರಗಳ ಹಳೆಯ ರೂನ್ ಮಾಲೆಯಲ್ಲಿ. ಗಾಟ್ಲಂಡ್ ದ್ವೀಪದ ಸುಮಾರು ಕ್ರಿ.ಶ. 400ರ ಶ್ಯೂಲ್ವರ್ ಕಲ್ಲಿನಲ್ಲಿ ಕಾಣುವುದು ಆ ಮಾಲೆ. ವೈಕಿಂಗ್ ಕಾಲಕ್ಕೆ ಬರುವಷ್ಟರಲ್ಲಿ ಅದು ಬಳಕೆ ತಪ್ಪಿ, 16 ಅಕ್ಷರಗಳ ಮಾಲೆ ಬಂದಾಗಿತ್ತು. ರ‍್ಯೋಕ್ ಕಲ್ಲಿನ ಕೆತ್ತನೆಗಾರ ಹಳೆಯ ಅಕ್ಷರ ಕೆಲವನ್ನು ಬಳಸಿದ್ದಾನೆ, ನಿಜ. ಆದರೆ ಅದು ಬೇಕೆಂದೇ ಮಾಡಿದ ಗೂಢಲಿಪಿ. ಇಲ್ಲಿ ಅಂಥ ಉದ್ದೇಶ ಕಾಣದು. ಹೊಯ್ಸಳರ ಕಾಲದ ವೀರಗಲ್ಲಿನ ಮೇಲೆ ಹಲ್ಮಿಡಿ ಕಾಲದ ಅಕ್ಷರ ಕೆತ್ತಿ, ಅದರಲ್ಲಿ ಇಂಗ್ಲಿಷ್ ಬರೆದರೆ ನಮಗೆ ಹೇಗನ್ನಿಸುತ್ತೆ?

ಮೂರನೆಯದು ಹೊಳಪು. ಅಕ್ಷರಗಳು ರಾತ್ರಿ ನೀಲಿಯಾಗಿ ಮಿನುಗುತ್ತವೆ, ಹತ್ತಿರ ಹೋದರೆ ಶಕ್ತಿ ಬರುತ್ತೆ. ರೂನ್ ಅಂದರೆ ಮಂತ್ರ ಅನ್ನುವ ಈ ಹಟ ಆಟಗಳಿಗೆ ಎಲ್ಲಿಂದ ಬಂತೋ. ನಾರ್ವೆಯ ಬೆರ್ಗೆನ್‌ನಲ್ಲಿ 1955ರ ಬೆಂಕಿಯ ನಂತರ ಅಗೆದಾಗ ಆರುನೂರಕ್ಕೂ ಹೆಚ್ಚು ಮಧ್ಯಕಾಲದ ರೂನ್ ಬರಹ ಸಿಕ್ಕವು. ಅವುಗಳಲ್ಲಿ ಸರಕಿನ ಮೇಲೆ ಕಟ್ಟುವ ಮಾಲೀಕನ ಹೆಸರಿನ ಚೀಟಿಗಳೂ ಇದ್ದವು, ಖಾಸಗಿ ಪತ್ರಗಳೂ ಇದ್ದವು. ಇನ್ನು ಬಣ್ಣದ ಮಾತು. ಹಲವು ಕಲ್ಲುಗಳಲ್ಲಿ ಹಳೆಯ ಬಣ್ಣದ ಗುರುತು ಉಳಿದಿದೆ, ಕೆಂಪು ಅದರಲ್ಲೊಂದು. ವೋಕ್ಸೆಲ್‌ಗೆ ಇದು ವರವೇ ಆಗಿತ್ತು. ಕೆಲವೇ ಮಿಲಿಮೀಟರ್ ಆಳದ ಗೆರೆಗಾಗಿ ಆರು ಸೆಂ.ಮೀ. ಘನವನ್ನೇ ಕಿತ್ತು ಗುಂಡಿ ಮಾಡುವ ಬದಲು, ಘನದ ಬಣ್ಣವನ್ನಷ್ಟೇ ಕೆಂಪು ಮಾಡಬಹುದಿತ್ತು. ಸುಲಭವೂ ಹೌದು, ಸತ್ಯಕ್ಕೆ ಹತ್ತಿರವೂ ಹೌದು.

ಇಷ್ಟು ಸಣ್ಣದಕ್ಕೆ ಇಷ್ಟೊಂದು ಯಾಕೆ ಅಂತ ಕೇಳಬಹುದು. ಈ ಕಲ್ಲುಗಳ ಬಹುಪಾಲು ಬರಹ ಒಂದೇ ಧಾಟಿಯದು: ಇಂಥವರು ಸತ್ತ ಇಂಥವರ ನೆನಪಿಗೆ ನಿಲ್ಲಿಸಿದ್ದು. ತಂದೆಗೆ ಮಗ, ಗಂಡನಿಗೆ ಹೆಂಡತಿ. ರ‍್ಯೋಕ್ ಕಲ್ಲು ಸತ್ತ ಮಗನಿಗೆ ತಂದೆ ಬರೆಸಿದ್ದು. ಆಟ ಆಡುವ ಎಷ್ಟೋ ಮಕ್ಕಳು ಜೀವನದಲ್ಲಿ ಕಾಣುವ ರೂನ್ ಕಲ್ಲು ಇದೊಂದೇ ಆಗಿರುತ್ತೆ. ಅದು ಶಕ್ತಿಯ ಡಬ್ಬಿ ಅಂತ ಅವರು ಕಲಿತರೆ, ಅಲ್ಲಿ ಒಬ್ಬ ಮನುಷ್ಯನ ಹೆಸರಿತ್ತು ಅನ್ನುವುದೇ ಅಳಿಸಿಹೋಗುತ್ತೆ.

ಮಾಡ್‌ನವರಿಗೆ ನನ್ನದೊಂದು ಸಲಹೆ. ನಮ್ಮ ಫೋನಿನಲ್ಲಿರುವ ಬ್ಲೂಟೂತ್ ಯಾರ ಹೆಸರೋ, ಆ ದೊರೆ ಹರಾಲ್ಡ್ ಸುಮಾರು 965ರಲ್ಲಿ ಯೆಲ್ಲಿಂಗ್ ಕಲ್ಲು ಮಾಡಿಸಿದ್ದು ತಾಯಿ ಥ್ಯೂರಾ, ತಂದೆ ಗೋರ್ಮ್ ಇಬ್ಬರ ನೆನಪಿಗೆ. 16 ಅಕ್ಷರದ ಮಾಲೆಯಲ್ಲಿ 'ಗ' ಇಲ್ಲ, 'ಒ' ಇಲ್ಲ. ಹಾಗಾಗಿ ತಂದೆಯ ಹೆಸರು ಅಲ್ಲಿ ಕ್–ಉ–ರ್–ಮ್, ನಾಲ್ಕೇ ರೂನ್. ಒಂದೊಂದಕ್ಕೆ ಮೂರು ಘನ ಅಗಲ, ನಡುವೆ ಒಂದೊಂದು ತೆರಪು: ಒಟ್ಟು 15. ನಿಮ್ಮ ಬ್ಲಾಕಿನ ಅಗಲ 16. ಗೋರ್ಮ್‌ನ ಪೂರ್ತಿ ಹೆಸರು ಹಿಡಿದು, ಇನ್ನೂ ಒಂದು ಘನ ಉಳಿಯುತ್ತೆ.